ಬೈಕಿನ ಗಡಗಡ ಎಲ್ಲಿಂದ ಬರ್ತಿದೆ? ಪಾನಾ ಹಿಡಿಯೋ ಮುಂಚೆ ಕಿವಿ ಕೊಡಿ

ಆರು ತಿಂಗಳ ಕಾಲ ನನ್ನ ಬೈಕು ಡಬ್ಬಿಯಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡುತ್ತಿತ್ತು. ಚಿಕ್ಕಮಗಳೂರಿನಿಂದ ಆಲ್ದೂರಿನ ಆಚೆಗಿರುವ ತೋಟಕ್ಕೆ ದಿನಾ ಹೋಗಿ ಬರುವವನು ನಾನು, ಅಲ್ಲಿ ಲೆಕ್ಕಪತ್ರ ನೋಡುವ ರೈಟರ್ ಕೆಲಸ. ಡಾಂಬರು ಮುಗಿದ ಮೇಲೆ 3 ಕಿಲೋಮೀಟರ್ ಜಲ್ಲಿಕಲ್ಲಿನ ತೋಟದ ದಾರಿ. ಆ ದಾರಿಯಲ್ಲಿ ಗಡಗಡ ಅನ್ನದ ಗಾಡಿಯೇ ಇಲ್ಲ ಅಂತ ಸುಮ್ಮನಿದ್ದೆ. ಒಳ್ಳೆ ರಸ್ತೆಯಲ್ಲೂ ಶುರುವಾದಾಗ ಗ್ಯಾರೇಜಿಗೆ ಹೋದೆ. ಟ್ಯಾಪೆಟ್ (ಎಂಜಿನ್ ವಾಲ್ವಿನ ಸಂದು) ಅಂದರು, ಮಾಡಿಸಿದೆ. ಎಂಜಿನ್ನಿನೊಳಗಿನ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಶನರ್ ಅಂದರು, ಬದಲಾಯಿಸಿದೆ. 2000 ಚಿಲ್ಲರೆ ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ಒಂದು ಭಾನುವಾರ ಬೇಲೂರಿಗೆ ಹೊರಟಾಗ ಹಿಂದೆ ಕೂತಿದ್ದ ನನ್ನ ಹೆಂಡತಿ ಕೇಳಿದಳು: "ರೀ, ಪೆಟ್ರೋಲ್ ಹಾಕಿಸಿದ ದಿನ ಇದು ಸುಮ್ನಿರುತ್ತೆ ಅಲ್ವಾ?"

ಹೌದಲ್ಲ! ಮನೆಗೆ ಬಂದು ಸೀಟು ತೆಗೆದು, ಟ್ಯಾಂಕಿನ ಹಿಂದಿನ ಬೋಲ್ಟ್ ಬಿಚ್ಚಿ ಎತ್ತಿ ನೋಡಿದರೆ, ಟ್ಯಾಂಕಿನ ಮೂತಿ ಕೂರುವ ಎರಡು ರಬ್ಬರ್ ಗುಂಡಿಗಳಲ್ಲಿ ಒಂದು ಒಣಗಿ ಸೀಳಿತ್ತು, ಇನ್ನೊಂದು ಇರಲೇ ಇಲ್ಲ. 12 ಲೀಟರ್ ಪೆಟ್ರೋಲ್ ಅಂದರೆ ಸುಮಾರು 9 ಕೆಜಿ ಭಾರ. ಟ್ಯಾಂಕ್ ತುಂಬಿದ್ದಾಗ ಆ ಭಾರಕ್ಕೆ ಒತ್ತಿಕೊಂಡು ಕೂರುತ್ತಿತ್ತು, ಖಾಲಿಯಾಗುತ್ತಾ ಬಂದ ಹಾಗೆ ಫ್ರೇಮಿಗೆ ಬಡಿಯುತ್ತಿತ್ತು. ಹೊಸ ರಬ್ಬರಿಗೆ ಆದ ಖರ್ಚು 100 ರೂಪಾಯಿಯೊಳಗೆ.

ಅವತ್ತಿನಿಂದ ನಾನು ಸದ್ದು ಹುಡುಕುವ ಕ್ರಮವನ್ನೇ ಬದಲಾಯಿಸಿಕೊಂಡೆ. ಸದ್ದು ಕೇಳಿಸುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಫ್ರೇಮು ಕಬ್ಬಿಣದ ಕೊಳವೆ ತಾನೆ, ಹಿಂದಿನ ಸದ್ದನ್ನು ಮುಂದಕ್ಕೆ ತಂದು ನಿಮ್ಮ ಮೊಣಕಾಲಿನ ಹತ್ತಿರ ಬಿಡುತ್ತದೆ. ಆದ್ದರಿಂದ ಯಾವುದು ಅಂತ ಖಾತ್ರಿಯಾಗುವ ತನಕ ಒಂದು ಬೋಲ್ಟನ್ನೂ ಮುಟ್ಟಬೇಡಿ.

ಮೊದಲ ವಾರ: ಕಿವಿ ಮತ್ತು ಚೀಟಿ

ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಬರೆದಿಡಿ. ಗಾಡಿ ನಿಲ್ಲಿಸಿದ ಮೇಲೆ ಬರೆಯಿರಿ ಅಂತ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ. ಸದ್ದು ಬಂದಾಗ ಸ್ಪೀಡು ಎಷ್ಟು, ಯಾವ ಗೇರು, ರಸ್ತೆ ಹೇಗಿತ್ತು, ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು ಅನ್ನುವುದನ್ನೂ ಸೇರಿಸಿ, ಕಾರಣ ಮೇಲೆ ಹೇಳಿದೆನಲ್ಲ.

ಆಮೇಲೆ ಒಂದು ನೇರವಾದ, ಜನ ಕಡಿಮೆ ಇರುವ ರಸ್ತೆ ಬೇಕು. ನಮ್ಮ ಆಲ್ದೂರು, ಮೂಡಿಗೆರೆ ಕಡೆ ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ, ಅಲ್ಲಿ ಪರೀಕ್ಷೆ ಆಗುವುದಿಲ್ಲ. ನಾನು ಬೆಳಿಗ್ಗೆ ಬೇಗ ಕಡೂರು ರಸ್ತೆ ಹಿಡಿಯುತ್ತೇನೆ. ಊರು ದಾಟಿದರೆ ಬಯಲುಸೀಮೆಯ ನೇರ ದಾರಿ.

ಅಲ್ಲಿ ಮಾಡಬೇಕಾದ್ದು ಇಷ್ಟೇ. ನಡುಕ ಬರುವ ಸ್ಪೀಡಿಗೆ ಹೋಗಿ, 50 ಅಂತಿಟ್ಟುಕೊಳ್ಳಿ. ನಾಲ್ಕನೇ ಗೇರಿನಲ್ಲಿ 50, ಮೂರನೇ ಗೇರಿನಲ್ಲೂ ಅದೇ 50. ಗೇರು ಬದಲಾದಾಗ ನಡುಕವೂ ಬದಲಾದರೆ ಅದು ಎಂಜಿನ್ನಿಗೆ ಸೇರಿದ್ದು. ಗೇರು ಯಾವುದಾದರೂ ಅದೇ ಸ್ಪೀಡಿಗೆ ಅದೇ ನಡುಕ ಅಂದರೆ ಚಕ್ರ, ಟೈರು, ಬೇರಿಂಗ್ ಕಡೆ ನೋಡಬೇಕು. ಇನ್ನೂ ಅನುಮಾನವಿದ್ದರೆ ಹಿಂದೆ ಮುಂದೆ ಗಾಡಿ ಇಲ್ಲದಾಗ ಕ್ಲಚ್ ಹಿಡಿದು ಗಾಡಿಯನ್ನು ಹಾಗೇ ಉರುಳಲು ಬಿಡಿ. ಎಂಜಿನ್ ಐಡಲಿಗೆ ಇಳಿದ ಮೇಲೂ ನಡುಕ ಉಳಿದರೆ ಎಂಜಿನ್ನಿನ ತಪ್ಪಲ್ಲ. ಓಡುವಾಗ ಕೀ ಮಾತ್ರ ತಿರುಗಿಸಬೇಡಿ.

ಕೈಗೂ ಈ ವ್ಯತ್ಯಾಸ ತಿಳಿಯುತ್ತದೆ. ಟೈರಿನ ಸುತ್ತಳತೆ ಹೆಚ್ಚುಕಮ್ಮಿ 2 ಮೀಟರ್. 60ರ ಸ್ಪೀಡಿನಲ್ಲಿ ಚಕ್ರ ಸೆಕೆಂಡಿಗೆ 8 ಸುತ್ತು ಹಾಕುತ್ತದೆ ಅಷ್ಟೆ. ಎಂಜಿನ್ 5400 ಆರ್‌ಪಿಎಂನಲ್ಲಿದ್ದರೆ (ಅಂದರೆ ನಿಮಿಷಕ್ಕೆ ಅಷ್ಟು ಸುತ್ತು) ಸೆಕೆಂಡಿಗೆ 90 ಸುತ್ತು. ಹಾಗಾಗಿ ಚಕ್ರದ ದೋಷ ತೂಗಾಟದ ಹಾಗೆ, ಸೊಂಟಕ್ಕೆ ಗೊತ್ತಾಗುವ ಹಾಗೆ ಬರುತ್ತದೆ. ಎಂಜಿನ್ನಿನದು ಜುಮ್ಮೆನ್ನುವ ನಡುಕ, ಅರ್ಧ ಗಂಟೆಯಲ್ಲಿ ಅಂಗೈ ಜೋಮು ಹಿಡಿಯುತ್ತದೆ.

ಹಳ್ಳ ಹಾರಿದಾಗ ಮಾತ್ರ ಬರುವ ಸದ್ದು ಬೇರೆ ಜಾತಿ: ಸಡಿಲಾದ ತಗಡು, ಪ್ಲಾಸ್ಟಿಕ್, ಶಾಕ್ ಅಬ್ಸಾರ್ಬರ್ ಬುಷ್, ಕೋನ್ ಸೆಟ್ (ಹ್ಯಾಂಡಲ್ ಬುಡದ ಬೇರಿಂಗ್). ಡಿಸ್ಕ್ ಬ್ರೇಕ್ ಇದ್ದು, ಕೆಟ್ಟ ರಸ್ತೆಯಲ್ಲಿ ಮುಂದಿನಿಂದ ಚಟಚಟ ಅಂತಿದ್ದರೆ ಬ್ರೇಕ್ ಲಿವರನ್ನು ಒಂದೇ ಬೆರಳಲ್ಲಿ ಮೆಲ್ಲಗೆ ಮುಟ್ಟಿ. ಸದ್ದು ತಕ್ಷಣ ನಿಂತರೆ ಡಿಸ್ಕನ್ನು ಅದುಮುವ ಕ್ಯಾಲಿಪರಿನೊಳಗೆ ಬ್ರೇಕ್ ಪ್ಯಾಡ್ ಅಲ್ಲಾಡುತ್ತಿದೆ, ಅದನ್ನು ಒತ್ತಿಹಿಡಿಯುವ ತೆಳು ಸ್ಪ್ರಿಂಗ್ ತಗಡು ಸೋತಿದೆ ಇಲ್ಲವೇ ಕಳೆದುಹೋಗಿದೆ. ಪ್ಯಾಡ್ ಬದಲಾಯಿಸುವಾಗ ಆ ತಗಡನ್ನು ಮರೆತು ಎಸೆಯುವವರು ಎಷ್ಟೋ ಜನ.

ಆಮೇಲೆ ತೊಳೆದು, ನಿಲ್ಲಿಸಿ, ಕೈಯಿಟ್ಟು ನೋಡಿ

ಮಳೆಗಾಲ ಮುಗಿದು ಅರೇಬಿಕಾ ಕೊಯ್ಲು ಜೋರಾಗುವ ಮುಂಚಿನ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನಾಲ್ಕು ತಿಂಗಳ ಕೆಸರು ಎಲ್ಲೆಲ್ಲಿ ಸೇರಿಕೊಂಡಿದೆಯೋ ಅಲ್ಲೆಲ್ಲ ಬೋಲ್ಟ್ ತುಕ್ಕು ಹಿಡಿದಿರುತ್ತದೆ, ರಬ್ಬರ್ ಸೋತಿರುತ್ತದೆ. ಕೆಸರಿನ ಗಾಡಿಯಲ್ಲಿ ಬಿರುಕೂ ಕಾಣುವುದಿಲ್ಲ, ಸಡಿಲವೂ ಕಾಣುವುದಿಲ್ಲ. ತೊಳೆಯುವಾಗ ಚಕ್ರದ ರಿಮ್ಮಿನ ಒಳಮೈ ಬಿಡಬೇಡಿ. ನಮ್ಮ ಕೆಂಪು ಮಣ್ಣು ಅಲ್ಲಿ ಒಂದೇ ಕಡೆ ಮೆತ್ತಿಕೊಂಡು ಒಣಗಿದರೆ ಚಕ್ರದ ತೂಕವೇ ಒಂದು ಬದಿಗೆ ವಾಲುತ್ತದೆ. 60 ದಾಟಿದರೆ ಹ್ಯಾಂಡಲ್ ನಡುಗುತ್ತೆ ಅಂತ ಚಕ್ರ ಬಿಚ್ಚಿಸಲು ಹೊರಟಿದ್ದ ನಮ್ಮ ತೋಟದ ಹುಡುಗನೊಬ್ಬನಿಗೆ ಒಂದು ಬಕೆಟ್ ನೀರು, ಒಂದು ಬ್ರಷ್ ಸಾಕಾಯಿತು.

ಗಾಡಿಯನ್ನು ಬಯಲಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಶೆಡ್ಡಿನೊಳಗೆ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬಾರದು, ಆ ಹೊಗೆ ಪ್ರಾಣಕ್ಕೇ ಅಪಾಯ. ನ್ಯೂಟ್ರಲ್‌ನಲ್ಲಿಟ್ಟು ಸ್ಟಾರ್ಟ್ ಮಾಡಿ, ಒಬ್ಬರು ಆಕ್ಸಿಲರೇಟರನ್ನು ನಿಧಾನವಾಗಿ ಏರಿಸಲಿ. ಸದ್ದು ಬರುವ ಆರ್‌ಪಿಎಂ ಸಿಕ್ಕಿದ ಕೂಡಲೇ ಅಲ್ಲೇ ಹಿಡಿದು ನಿಲ್ಲಿಸಲಿ. ತಗಡಿಗೂ ತಂಬೂರಿ ತಂತಿಯ ಹಾಗೆ ತನ್ನದೇ ಒಂದು ಶ್ರುತಿ ಇದೆ. ಎಂಜಿನ್ನಿನ ನಡುಕ ಆ ಶ್ರುತಿಗೆ ಕೂಡಿದಾಗ ಮಾತ್ರ ಅದು ಹಾಡುತ್ತದೆ, ಸ್ವಲ್ಪ ಮೇಲೆ ಕೆಳಗೆ ಹೋದರೆ ಸುಮ್ಮನಾಗುತ್ತದೆ.

ಈಗ ನೀವು ಒಂದೊಂದೇ ಭಾಗವನ್ನು ಅಂಗೈಯಿಂದ ಒತ್ತುತ್ತಾ ಬನ್ನಿ. ಕನ್ನಡಿ, ಹೆಡ್‌ಲೈಟ್ ಡೂಮ್, ಮೀಟರ್, ಮುಂದಿನ ಮಡ್‌ಗಾರ್ಡ್, ಟ್ಯಾಂಕ್, ಸೈಡ್ ಪ್ಯಾನೆಲ್, ಲೆಗ್ ಗಾರ್ಡ್, ಸೀರೆ ಗಾರ್ಡ್, ನಂಬರ್ ಪ್ಲೇಟ್. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಸೈಲೆನ್ಸರಿನ ಹತ್ತಿರ ಕೈ ಬೇಡ, ಕೋಲಿನಿಂದ ಒತ್ತಿ. ಚೈನ್ ಮತ್ತು ಹಿಂದಿನ ಚಕ್ರದ ಹತ್ತಿರ ಎಂಜಿನ್ ಓಡುತ್ತಿರುವಾಗ ಕೈಯೂ ಬೇಡ, ಕೋಲೂ ಬೇಡ. ಕೈಗೆ ಸಿಗದ ಒಳಗಿನ ಸದ್ದಿಗೆ ಉದ್ದನೆಯ ಸ್ಕ್ರೂಡ್ರೈವರ್ ಸಾಕು: ತುದಿಯನ್ನು ಎಂಜಿನ್ ಕವರಿಗೆ ಆನಿಸಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ. ಡಾಕ್ಟರ ಸ್ಟೆತಾಸ್ಕೋಪ್ ಹಾಗೆ ಕೇಳಿಸುತ್ತದೆ.

ಇಷ್ಟಕ್ಕೂ ಮುಂಚೆ ಕೀ ಗೊಂಚಲು ತೆಗೆದಿಡಿ. ಗೋಡೌನು, ಕಣ, ಆಫೀಸು ಅಂತ ಏಳೆಂಟು ಬೀಗದ ಕೀ ಒಂದೇ ಗೊಂಚಲಲ್ಲಿ ನೇತಾಡಿಸಿಕೊಂಡು ಮೀಟರಿನಿಂದ ಸದ್ದು ಬರುತ್ತೆ ಅನ್ನುವವರಲ್ಲಿ ನಾನೂ ಒಬ್ಬನಾಗಿದ್ದೆ. ಸೀಟಿನ ಕೆಳಗಿನ ಟೂಲ್ ಕಿಟ್ಟನ್ನೂ ಒಂದು ಹಳೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಡಿ.

ತಗಡು, ಪ್ಲಾಸ್ಟಿಕ್ ಸದ್ದುಗಳು

ನನ್ನ ಅನುಭವದಲ್ಲಿ ಹೆಚ್ಚಿನ ಕಿರಿಕಿರಿ ಇಲ್ಲೇ ಮುಗಿಯುತ್ತದೆ. ಎರಡು ಗಟ್ಟಿ ವಸ್ತುಗಳ ನಡುವೆ ಇದ್ದ ಮೆತ್ತನೆಯದು ಹೋಗಿರುತ್ತದೆ, ಅದನ್ನು ಮತ್ತೆ ತುಂಬಿಸಬೇಕು. ಸೈಡ್ ಪ್ಯಾನೆಲ್ಲಿನ ಮೊಳೆ ಕೂರುವ ರಬ್ಬರ್ ಉಂಗುರಗಳು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತವೆ. ಹಳೆಯದನ್ನು ಒಯ್ದು ತೋರಿಸಿ ತನ್ನಿ. ಸಿಗಲಿಲ್ಲವಾದರೆ ಸೈಕಲ್ ಟ್ಯೂಬ್ ಇದ್ದೇ ಇದೆ. ಹಳೆ ಸೈಕಲ್ ಟ್ಯೂಬ್ ಒಂದು ಮನೆಯಲ್ಲಿದ್ದರೆ ಅರ್ಧ ಗ್ಯಾರೇಜ್ ಇದ್ದ ಹಾಗೆ: ಕತ್ತರಿಸಿದರೆ ಪ್ಯಾಕಿಂಗ್, ಸೀಳಿ ಸುತ್ತಿದರೆ ಕ್ಲಾಂಪಿನ ಕೆಳಗಿನ ಮೆತ್ತೆ. ಬಿಸಿಯಾಗುವ ಜಾಗಕ್ಕೆ ಮಾತ್ರ ಹಾಕಬೇಡಿ, ಕರಗಿ ನಾರುತ್ತದೆ.

ನಂಬರ್ ಪ್ಲೇಟಿನ ವಿಷಯ ಸ್ವಲ್ಪ ಬೇರೆ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಅಂದರೆ ಎಚ್‌ಎಸ್‌ಆರ್‌ಪಿ ಬಂತು, ಆಮೇಲೆ ಹಳೆ ಗಾಡಿಗೂ ಹಾಕಿಸಿಕೊಂಡೆವು. ಆ ಪ್ಲೇಟನ್ನು ಹಿಡಿದಿಡುವ ಸ್ನ್ಯಾಪ್ ಲಾಕ್ ಬಿಚ್ಚಲು ಬರುವುದಿಲ್ಲ, ಬಿಚ್ಚಲೂಬಾರದು. ಅಲ್ಯೂಮಿನಿಯಂ ಪ್ಲೇಟು ಹಿಂದಿನ ಬ್ರಾಕೆಟ್ಟಿಗೆ ಬಡಿದು ಕಟಕಟ ಅಂತಿದ್ದರೆ ಎರಡರ ಸಂದಿಗೆ ಅಂಟು ಇರುವ ಫೋಮ್ ಪಟ್ಟಿಯನ್ನೋ ಟ್ಯೂಬಿನ ತುಂಡನ್ನೋ ಸ್ಕೇಲಿನಿಂದ ತಳ್ಳಿ ಕೂರಿಸಿ, ಸಾಕು.

ಸೀರೆ ಗಾರ್ಡ್ ಕಿರಿಕಿರಿ ಮಾಡುತ್ತೆ ಅಂತ ಬಿಚ್ಚಿ ಅಟ್ಟದ ಮೇಲೆ ಹಾಕುವವರಿದ್ದಾರೆ. ಬೇಡ. ಹಿಂದೆ ಕೂರುವವರಿಗೆ ಹಿಡಿ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಕಾನೂನು ಆಮೇಲಿನ ಮಾತು, ಸೆರಗು ಚಕ್ರಕ್ಕೆ ಸಿಕ್ಕಿದರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಅದರ ಬೋಲ್ಟಿಗೆ ರಬ್ಬರ್ ವಾಷರ್ ಹಾಕಿ ಬಿಗಿದರೆ ಸದ್ದು ನಿಲ್ಲುತ್ತದೆ.

ಲೆಗ್ ಗಾರ್ಡ್ ದೊಡ್ಡ ಮೋಸಗಾರ. ಅದರ ಕ್ಲಾಂಪ್ ಒಂದಿಷ್ಟು ಸಡಿಲವಾದರೂ ಇಡೀ ಕಬ್ಬಿಣ ಎಂಜಿನ್ ಕೆಟ್ಟುಹೋದ ಹಾಗೆ ಝೇಂಕರಿಸುತ್ತದೆ. ಸ್ಟ್ಯಾಂಡಿನ ಸ್ಪ್ರಿಂಗ್ ಸೋತರೂ ಹೀಗೇ. ಹಳ್ಳಕ್ಕೆ ಇಳಿದಾಗಲೆಲ್ಲ ಸ್ಟ್ಯಾಂಡು ಫ್ರೇಮಿಗೆ ಬಡಿಯುತ್ತದೆ. ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್ ಆದರೆ ಇವತ್ತೇ ಬದಲಾಯಿಸಿ, ಓಡುವಾಗ ಸ್ಟ್ಯಾಂಡ್ ಇಳಿದು ತಿರುವಿನಲ್ಲಿ ನೆಲಕ್ಕೆ ತಾಗಿದರೆ ಗಾಡಿ ಎತ್ತಿ ಬಿಸಾಡುತ್ತದೆ.

ಬಿಗಿಯುವ ಹದ

8, 10, 12, 14, 17ರ ರಿಂಗ್ ಪಾನಾ, ಒಂದು ಸೆಟ್ ಅಲನ್ ಕೀ, ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್ ಇದ್ದರೆ ಮನೆಯ ಕೆಲಸಕ್ಕೆ ಸಾಕು. ಬಾಯಿ ತೆರೆದ ಪಾನಾಕ್ಕಿಂತ ರಿಂಗ್ ಪಾನಾ ಮೇಲು, ಬೋಲ್ಟಿನ ಮೂಲೆ ಸವೆಯುವುದಿಲ್ಲ.

ಸದ್ದು ಮಾಡುವ ಸಡಿಲ ಬೋಲ್ಟಿಗಿಂತ ಅತಿಯಾಗಿ ಬಿಗಿದ ಬೋಲ್ಟೇ ಕೆಟ್ಟದ್ದು. 10ರ ಪಾನಾ ಹಿಡಿಯುವ ಸಣ್ಣ ಬೋಲ್ಟಿಗೆ, ಅಂದರೆ 6 ಮಿ.ಮೀ. ದಪ್ಪದ್ದಕ್ಕೆ, 10 ನ್ಯೂಟನ್ ಮೀಟರ್ ಹತ್ತಿರ ಬಿಗಿ ಸಾಕು. ಅದು ಎಷ್ಟು? ಪಾನಾದ ತುದಿ ಹಿಡಿದು ಮೈಭಾರ ಹಾಕದೆ, ಮಣಿಕಟ್ಟಿನ ಬಲದಲ್ಲೇ ನಿಂತುಬಿಡಬೇಕು. ನಾನು ಒಮ್ಮೆ ಕ್ಲಚ್ ಕವರಿನ ಬೋಲ್ಟನ್ನು "ಇನ್ನೊಂದು ಕಾಲು ಸುತ್ತು ಇರಲಿ" ಅಂತ ಒತ್ತಿದೆ. ಪಾನಾ ಇದ್ದಕ್ಕಿದ್ದಂತೆ ಹಗುರವಾಯಿತು. ಬೆಣ್ಣೆಯಲ್ಲಿ ತಿರುಗಿದ ಹಾಗೆ ಬೋಲ್ಟ್ ಸುಮ್ಮನೆ ತಿರುಗುತ್ತಾ ಹೋಯಿತು. ಹೊರಗೆ ತೆಗೆದಾಗ ಅದರ ಹಲ್ಲಿನ ಸಂದಿಯಲ್ಲಿ ಅಲ್ಯೂಮಿನಿಯಂ ಸುರುಳಿ ಶಾವಿಗೆಯ ಎಳೆಯಂತೆ ಸುತ್ತಿಕೊಂಡಿತ್ತು. ಥ್ರೆಡ್ ಹೋಗಿತ್ತು. ಲೇತ್ ಅಂಗಡಿಗೆ ಹೋಗಿ ಹೊಸ ಥ್ರೆಡ್ ಹಾಕಿಸಲು ಒಂದು ದಿನದ ಸಂಬಳ ಬೇಕಾಯಿತು.

ಹೆಚ್ಚು ಬಿಗಿದರೆ ಗಟ್ಟಿ ನಿಲ್ಲುತ್ತೆ ಅನ್ನುವುದು ಭ್ರಮೆ. ನಿಲ್ಲಬೇಕೆಂದರೆ ಥ್ರೆಡ್ಡನ್ನು ಒರೆಸಿ ಎಣ್ಣೆ ಜಿಡ್ಡು ತೆಗೆದು, ನೀಲಿ ಬಣ್ಣದ ಥ್ರೆಡ್ ಲಾಕರ್ ಒಂದು ಹನಿ ಹಾಕಿ. ಕೆಂಪು ಬೇಡ, ಬಿಚ್ಚುವಾಗ ಬೆಂಕಿ ತೋರಿಸಬೇಕಾಗುತ್ತದೆ. ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿದ್ದರೆ ಎಸೆದು ಹೊಸದು ಹಾಕಿ. ನೈಲಾನ್ ಉಂಗುರವಿರುವ ನಟ್ ಒಳ್ಳೆಯದೇ, ಆದರೆ ಸೈಲೆನ್ಸರಿನ ಶಾಖಕ್ಕೆ ಆ ನೈಲಾನೂ ಉಳಿಯುವುದಿಲ್ಲ, ಮಾಮೂಲಿ ನೀಲಿ ಲಾಕರೂ ಉಳಿಯುವುದಿಲ್ಲ.

ಚೈನ್

ಥ್ರಾಟಲ್ ಬಿಟ್ಟು ಹಿಡಿದಾಗ "ಟಕ್" ಅಂತ ಒದೆತ, ನಿಧಾನವಾಗಿ ಹೋಗುವಾಗ ಕೆಳಗಿನಿಂದ ಪಟಪಟ, ಇವೆರಡೂ ಚೈನಿನ ದೂರು. ಎಂಜಿನ್ ನಿಲ್ಲಿಸಿ. ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ: ಎಂಜಿನ್ ಚಾಲೂ ಇಟ್ಟು, ಗೇರಿಗೆ ಹಾಕಿ, ಬಟ್ಟೆ ಹಿಡಿದು ಚೈನ್ ಒರೆಸಬಾರದು. ಬೆರಳು ಹೋಗಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ.

ಕೆಳಗಿನ ಸಾಲಿನ ನಡುಮಧ್ಯ ಬೆರಳಿಟ್ಟು ಚೈನನ್ನು ಮೇಲೆ ಕೆಳಗೆ ಆಡಿಸಿ, ಪಕ್ಕದಲ್ಲಿ ಸ್ಕೇಲ್ ಹಿಡಿಯಿರಿ. ಸಾಮಾನ್ಯ ಗಾಡಿಗಳಿಗೆ ಒಟ್ಟು ಆಟ 20ರಿಂದ 30 ಮಿ.ಮೀ. ಇರಬೇಕು. ನಿಮ್ಮ ಗಾಡಿಯದು ಪುಸ್ತಕದಲ್ಲಿರುತ್ತದೆ, ಎಷ್ಟೋ ಗಾಡಿಗಳಲ್ಲಿ ಚೈನ್ ಹತ್ತಿರದ ಸ್ಟಿಕರಿನಲ್ಲೂ ಇರುತ್ತದೆ. ಒಂದೇ ಕಡೆ ಅಳೆದು ಮುಗಿಸಬೇಡಿ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಅತಿ ಬಿಗಿ ಇರುವ ಜಾಗದಲ್ಲಿ ಆಟ ಸರಿಯಿರುವ ಹಾಗೆ ಹೊಂದಿಸಿ. ಒಂದು ಕಡೆ ತಂತಿಯ ಹಾಗೆ ಬಿಗಿ, ಇನ್ನೊಂದು ಕಡೆ ಜೋತು ಬಿದ್ದಿದೆ ಅಂದರೆ ಚೈನಿನ ಆಯುಸ್ಸು ಮುಗಿದಿದೆ. ಆಗ ಚೈನ್ ಕೂರುವ ಹಲ್ಲುಚಕ್ರಗಳನ್ನೂ, ಅಂದರೆ ಎರಡೂ ಸ್ಪ್ರಾಕೆಟ್ ಸೇರಿಸಿ ಸೆಟ್ಟೇ ಹಾಕಿಸಬೇಕು. ಬಾಗಿದ ಹಲ್ಲಿನ ಸ್ಪ್ರಾಕೆಟ್ಟಿಗೆ ಹೊಸ ಚೈನ್ ಹಾಕಿದರೆ ಅದೂ ಬೇಗ ಹಾಳು.

ಬಿಗಿ ಮಾಡುವಾಗ ಆಕ್ಸಲ್ ನಟ್ ಸಡಿಲಿಸಿ ಎರಡೂ ಬದಿಯ ಅಡ್ಜಸ್ಟರನ್ನು ಸಮಸಮವಾಗಿ, ಕಾಲು ಕಾಲು ಸುತ್ತಿನಂತೆ ತಿರುಗಿಸಿ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಿನ ಗೀರುಗಳು ಎರಡು ಬದಿಗೂ ಒಂದೇ ಆಗಿರಲಿ, ಇಲ್ಲದಿದ್ದರೆ ಚಕ್ರ ಓರೆಯಾಗಿ ಹೊಸ ನಡುಕ ಶುರುವಾಗುತ್ತದೆ. ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಡ್ರಮ್ ಬ್ರೇಕ್ ಇದ್ದರೆ ಪೆಡಲಿನ ಆಟ, ಬ್ರೇಕ್ ಲೈಟು ಎರಡನ್ನೂ ನೋಡಿ. ಚೈನಿಗೆ ಕ್ಲಿಪ್ ಲಾಕ್ ಇದ್ದರೆ ಅದರ ಮೀನಿನ ಬಾಲದಂತೆ ಸೀಳಿದ ಬದಿ, ಚೈನ್ ಓಡುವ ದಿಕ್ಕಿಗೆ ಹಿಂದೆ ಇರಬೇಕು. ಎಣ್ಣೆಗೆ 90 ನಂಬರ್ ಗೇರ್ ಆಯಿಲ್ ಸಾಕು. ಹಳೆ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ನನಗೆ ಹಿಡಿಸುವುದಿಲ್ಲ, ಅದರಲ್ಲಿ ಸವೆದ ಲೋಹದ ಪುಡಿಯೂ ಮಸಿಯೂ ಇರುತ್ತದೆ.

ಚೈನ್ ಸರಿಯಿದ್ದೂ ಒದೆತ ನಿಲ್ಲದಿದ್ದರೆ ಹಿಂದಿನ ಚಕ್ರಕ್ಕೂ ಸ್ಪ್ರಾಕೆಟ್ಟಿಗೂ ನಡುವೆ ಇರುವ ಡ್ರಮ್ ರಬ್ಬರ್ ನೋಡಬೇಕು. ಹಿಂದಿನ ಚಕ್ರವನ್ನು ಅಲುಗಾಡದಂತೆ ಹಿಡಿದು ಸ್ಪ್ರಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ. ಚಕ್ರ ನಿಂತೇ ಇದ್ದು ಸ್ಪ್ರಾಕೆಟ್ ಮಾತ್ರ ಧಾರಾಳವಾಗಿ ಆಡಿದರೆ ಒಳಗಿನ ರಬ್ಬರ್ ಸವೆದಿದೆ. ಘಾಟಿಯಲ್ಲಿ ಪದೇ ಪದೇ ಗೇರ್ ಇಳಿಸಿ ಏರಿಸುವ ನಮ್ಮ ಗಾಡಿಗಳಲ್ಲಿ ಇದು ಬೇಗ ಸೋಲುತ್ತದೆ.

ಸೈಲೆನ್ಸರ್

ಪೂರ್ತಿ ತಣ್ಣಗಾದ ಮೇಲೆ ಮುಷ್ಟಿಯಿಂದ ಗುದ್ದಿ ನೋಡಿ. ಹೊರಗೆ ಝಣ್ ಅಂದರೆ ಹೀಟ್ ಶೀಲ್ಡ್. ಅದರ ಬೋಲ್ಟಿನ ಕೆಳಗಿನ ಶಾಖ ತಡೆಯುವ ವಾಷರ್ ಪುಡಿಯಾಗಿರುತ್ತದೆ. ಬೋಲ್ಟ್ ಕೂರುವ ಜಾಗವೇ ತುಕ್ಕು ತಿಂದಿದ್ದರೆ ಪೈಪ್ ಅಂಗಡಿಯ ಸ್ಟೀಲ್ ಹೋಸ್ ಕ್ಲಿಪ್ಪನ್ನು ಸುತ್ತಿ ಬಿಗಿಯಿರಿ. ನೋಡಲು ಚಂದವಿಲ್ಲ, ನನ್ನದು ಎರಡು ಮಳೆಗಾಲ ದಾಟಿದೆ. ಒಳಗೆ ಗಡಗಡ ಅಂದರೆ ಒಳತಗಡು ಕಳಚಿದೆ, ಅದಕ್ಕೆ ಸೈಲೆನ್ಸರನ್ನೇ ಬದಲಾಯಿಸಬೇಕು.

ಚಕ್ರ ಮತ್ತು ಹ್ಯಾಂಡಲ್

ಇಲ್ಲಿಂದ ಮುಂದಿನದು ಕಿರಿಕಿರಿಯ ಮಾತಲ್ಲ, ಪ್ರಾಣದ ಮಾತು. ಗಾಳಿ ಮೊದಲು ನೋಡಿ, ಟೈರು ತಣ್ಣಗಿರುವಾಗ. ಆಮೇಲೆ ಟೈರಿನ ಮೈಮೇಲೆ ಕೈಯಾಡಿಸಿ, ಎಲ್ಲಾದರೂ ಉಬ್ಬಿದ್ದರೆ ಆ ಟೈರಿನಲ್ಲಿ ಓಡಿಸಬೇಡಿ.

ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿ. "ಕಟ್" ಅಂದರೆ ಬೇರಿಂಗ್. ಕಡ್ಡಿ ಚಕ್ರವಾದರೆ ಒಂದೊಂದೇ ಕಡ್ಡಿಯನ್ನು ಪಾನಾದಿಂದ ತಟ್ಟುತ್ತಾ ಬನ್ನಿ: ಎಲ್ಲವೂ "ಟಿಣ್" ಅನ್ನುವಾಗ ಒಂದು "ಟಪ್" ಅಂದರೆ ಅದು ಸಡಿಲ. ಅದನ್ನು ನೀವೇ ಬಿಗಿಯಲು ಹೋಗಬೇಡಿ, ಒಂದು ಎಳೆದರೆ ರಿಮ್ ಆ ಕಡೆಗೆ ವಾಲುತ್ತದೆ. ಬೆಂಡ್ ತೆಗೆಯುವವರ ಹತ್ತಿರವೇ ಕೊಡಿ.

ಮುಂದಿನ ಬ್ರೇಕ್ ಹಿಡಿದಾಗ ಹ್ಯಾಂಡಲ್ ಬುಡದಲ್ಲಿ ಟಕ್ ಅನ್ನುತ್ತದೆಯೇ? ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಒತ್ತಿ ಮುಂದಿನ ಚಕ್ರ ಎತ್ತಲಿ. ಫೋರ್ಕಿನ ಕೆಳತುದಿ ಎರಡನ್ನೂ ಹಿಡಿದು ನಿಮ್ಮ ಕಡೆಗೆ ಎಳೆದು ತಳ್ಳಿ. ಆಟ ಇದ್ದರೆ ಕೋನ್ ಸೆಟ್ ಸಡಿಲ. ಹ್ಯಾಂಡಲನ್ನು ಮೆಲ್ಲಗೆ ತಿರುಗಿಸುವಾಗ ನಡುವಿನಲ್ಲಿ ಸಿಕ್ಕಿಕೊಂಡ ಹಾಗಾದರೆ ಕೋನ್ ಸೆಟ್ಟಿನ ಬಟ್ಟಲಿನಲ್ಲೇ ಗುಳಿ ಬಿದ್ದಿದೆ, ಬಿಗಿದು ಪ್ರಯೋಜನವಿಲ್ಲ, ಬದಲಾಯಿಸಬೇಕು. ಇಂಥ ಗಾಡಿಯಲ್ಲಿ ಚಾರ್ಮಾಡಿ ಇಳಿಯುವುದು ಬೇಡ.

ಕೊನೆಗೆ ಎಂಜಿನ್

ಒಂದೇ ಸಿಲಿಂಡರಿನ ಎಂಜಿನ್ ನಡುಗುವುದು ಅದರ ಜಾಯಮಾನ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗಿನ ಎಳೆತವನ್ನು ಕ್ರ್ಯಾಂಕಿನ ತೂಕ ಪೂರ್ತಿ ಸರಿದೂಗಿಸಲಾರದು. ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇರುವ ಗಾಡಿಯಲ್ಲಿ ಕಡಿಮೆ, ಇಲ್ಲದ್ದರಲ್ಲಿ ಹೆಚ್ಚು. ಹೊಸದಾಗಿದ್ದಾಗ ಇಲ್ಲದ ನಡುಕ ಈಗ ಬಂದಿದ್ದರೆ ಮಾತ್ರ ಹುಡುಕಿ.

ಮೊದಲು ಆಯಿಲ್ ಮಟ್ಟ. ಆಯಿಲ್ ಇಳಿದರೆ ಎಂಜಿನ್ ತಲೆಯಲ್ಲಿ ಸದ್ದು ಏಳುತ್ತದೆ, ಜನ ಟ್ಯಾಪೆಟ್ ಮಾಡಿಸಲು ಓಡುತ್ತಾರೆ. ಟ್ಯಾಪೆಟ್ಟಿನ ಸಣ್ಣ ಟಿಕ್ ಟಿಕ್ ಇರಲಿ ಬಿಡಿ. ಅನೇಕ ಸಣ್ಣ ಎಂಜಿನ್ನುಗಳಲ್ಲಿ ಆ ಸಂದು 1 ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಸದ್ದೇ ಬರಬಾರದು ಅಂತ ಬಿಗಿ ಮಾಡಿಸಿದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಈ ಕೆಲಸವನ್ನು ಎಂಜಿನ್ ತಣ್ಣಗಿರುವಾಗಲೇ ಮಾಡಬೇಕು. ಈಗಷ್ಟೇ ಓಡಿಸಿ ತಂದ ಗಾಡಿಗೆ ತಕ್ಷಣ ಮಾಡುತ್ತೇನೆ ಅನ್ನುವ ಮೆಕ್ಯಾನಿಕ್ಕಿಗೆ ನಾಳೆ ಬರುತ್ತೇನೆ ಅಂತ ಹೇಳಿ.

ಎಂಜಿನ್ ಮೌಂಟಿಂಗ್ ಬೋಲ್ಟುಗಳು ಸಡಿಲವಾದರೆ ಫುಟ್‌ರೆಸ್ಟ್, ಹ್ಯಾಂಡಲ್ ಎಲ್ಲ ಒಟ್ಟಿಗೇ ಜುಮ್ಮೆನ್ನುತ್ತವೆ. ಇವನ್ನು ಅಂದಾಜಿನಲ್ಲಿ ಬಿಗಿಯಬಾರದು, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇರುವ ಕಡೆ ಮಾಡಿಸಿ. ಹ್ಯಾಂಡಲ್ ತುದಿಯ ಬಾರ್ ಎಂಡ್ ತೂಕ ಬಿದ್ದುಹೋಗಿದ್ದರೆ ಹಾಕಿಸಿ, ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಇನ್ನು ಮುಳ್ಳಯ್ಯನಗಿರಿ ಏರುವಾಗ ನಾಲ್ಕನೇ ಗೇರಿನಲ್ಲೇ ಗುರುಗುಟ್ಟಿಸಿಕೊಂಡು ಹೋಗಿ ಗಾಡಿ ನಡುಗುತ್ತೆ ಅನ್ನುವವರಿಗೆ ಒಂದೇ ಮದ್ದು: ಗೇರು ಇಳಿಸಿ.

ಇಷ್ಟೆಲ್ಲ ಆದ ಮೇಲೆ ಅದೇ ರಸ್ತೆ, ಅದೇ ಸ್ಪೀಡು, ಅದೇ ಚೀಟಿ ಹಿಡಿದು ಮತ್ತೊಮ್ಮೆ ಹೋಗಿ ಬನ್ನಿ. ಒಂದು ದಿನಕ್ಕೆ ಒಂದೇ ಭಾಗ ಸರಿಮಾಡಿ, ಇಲ್ಲದಿದ್ದರೆ ಯಾವುದರಿಂದ ಸದ್ದು ನಿಂತಿತು ಅಂತ ತಿಳಿಯುವುದಿಲ್ಲ. ದೊಡ್ಡ ಸದ್ದು ನಿಂತ ಮೇಲೆ ಅದರ ಕೆಳಗೆ ಅಡಗಿದ್ದ ಸಣ್ಣದು ಕೇಳಲು ಶುರುವಾಗುತ್ತದೆ, ಗಾಬರಿ ಬೇಡ. ಬಿಗಿದ ಬೋಲ್ಟುಗಳ ತಲೆಗೆ ಬಿಳಿ ಪೇಂಟಿನಲ್ಲಿ ಒಂದು ಗೀರು ಎಳೆದು ಫ್ರೇಮಿನವರೆಗೆ ಮುಂದುವರಿಸಿ. 100 ಕಿಲೋಮೀಟರ್ ಓಡಿಸಿದ ಮೇಲೆ ಗೀರು ಎಲ್ಲಿ ತುಂಡಾಗಿದೆ ನೋಡಿ, ಆ ಬೋಲ್ಟಿಗೆ ಮತ್ತೆ ಪಾನಾ ಹಾಕಿ.